ಬೇಡ ಅಂದರೆ ಯಾಕೆ ಬೇಡ? ತಕರಾರಿನ ಮನೆಗೆ ಮೀನು, ತರಕಾರಿ ಆರಿಸುವ ಬಗೆ

ನಮ್ಮ ಮನೆಯಲ್ಲಿ ಐದು ಜನ. ಅತ್ತೆ ಮೀನು ಮುಟ್ಟುವುದಿಲ್ಲ. ಹನ್ನೊಂದು ವರ್ಷದ ಮಗಳಿಗೆ ಮೀನಿನ ವಾಸನೆ ಆಗುವುದಿಲ್ಲ. ಆರು ವರ್ಷದ ಮಗನಿಗೆ ವಾಸನೆ ತೊಂದರೆ ಇಲ್ಲ, ಮುಳ್ಳು ಅಂದರೆ ಭಯ. ಯಜಮಾನರಿಗೆ ಬೆಂದು ಮೆತ್ತಗಾದ ತರಕಾರಿ ಸೇರುವುದಿಲ್ಲ. ನಾನು ಮಲ್ಪೆ ಕಡೆಯವಳು. ಬೆಂಗಳೂರಿಗೆ ಬಂದು ಹದಿಮೂರು ವರ್ಷ ಆದರೂ ವಾರಕ್ಕೆ ಎರಡು ಸಲ ಮೀನು ಬೇಕೇ ಬೇಕು.

ತುಂಬಾ ದಿನ ನಾನು ಇದನ್ನು 'ಮೀನು ತಿನ್ನುವವರು, ತಿನ್ನದವರು' ಅಂತ ಎರಡು ಪಾಲು ಮಾಡಿ ನೋಡುತ್ತಿದ್ದೆ. ಅದಕ್ಕೇ ಎರಡೆರಡು ಅಡುಗೆ, ಎರಡರಷ್ಟು ಪಾತ್ರೆ. ಅಷ್ಟು ಮಾಡಿದರೂ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಒಂದು ದಿನ ಮಗನನ್ನು ಕೂರಿಸಿಕೊಂಡು ಕೇಳಿದೆ, "ಬಂಗುಡೆ ಯಾಕೆ ಬೇಡ ಪುಟ್ಟಾ?" ಅವನು ಗಂಟಲು ಮುಟ್ಟಿ ತೋರಿಸಿದ. ಹಿಂದೊಮ್ಮೆ ಅಲ್ಲಿ ಮುಳ್ಳು ಚುಚ್ಚಿತ್ತು. ಅವನಿಗೆ ಮೀನಿನ ರುಚಿ ಇಷ್ಟವೇ. ಅದು ಗೊತ್ತಾದ ಮೇಲೆ ಆರಿಸುವುದು ಎಷ್ಟೋ ಸುಲಭ ಆಯಿತು.

ನಾನು ಕಂಡ ಹಾಗೆ, ಊಟ ಬೇಡ ಅನ್ನುವುದಕ್ಕೆ ಹೆಚ್ಚಾಗಿ ಮೂರೇ ಕಾರಣ. ಮುಳ್ಳು, ವಾಸನೆ, ಬಾಯಲ್ಲಿ ಲೊಳಲೊಳ ಅನ್ನುವ ಮೆತ್ತಗು. ಖಾರ ನಾಲ್ಕನೆಯದು, ಆದರೆ ಅದನ್ನು ಸರಿಮಾಡುವುದು ಸುಲಭ. ಬ್ಯಾಡಗಿ ಮೆಣಸು ಹಾಕಿ, ಗುಂಟೂರು ಬಿಡಿ. ಬಣ್ಣ ಬರುತ್ತದೆ, ಖಾರ ಏರುವುದಿಲ್ಲ. ಉಳಿದ ಮೂರಕ್ಕೆ ಯಾವ ಮೀನು, ಯಾವ ತರಕಾರಿ, ಯಾವ ವಿಧಾನ ಒಳ್ಳೆಯದು ಅಂತ ಕೆಳಗೆ ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಮುಳ್ಳಿನ ಭಯ ಇದ್ದರೆ

ಮೊದಲು ಬೆಂಗಳೂರು, ಮೈಸೂರಿನವರಿಗೆ ಒಂದು ಮಾತು. ಕೆರೆ ಮೀನು ಅಂತ ಸಿಗುವ ರೋಹು, ಕಾಟ್ಲಾಗಳನ್ನು ಸಣ್ಣ ಮಕ್ಕಳಿಗೆ ಶುರುವಿನಲ್ಲೇ ಕೊಡಬೇಡಿ. ನಡುಮುಳ್ಳು ದೊಡ್ಡದು, ಸರಿ. ಆದರೆ ಮಾಂಸದ ಒಳಗೇ ಕವಲೊಡೆದ ಸಣ್ಣ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ದೊಡ್ಡವರಿಗೂ ಬೆರಳಿಗೆ ಸಿಗುವುದಿಲ್ಲ. ರುಚಿಯ ಬಗ್ಗೆ ನನ್ನ ದೂರಿಲ್ಲ, ಕಾಟ್ಲಾ ತಲೆಯ ಸಾರು ಬಹಳ ಚೆನ್ನಾಗಿರುತ್ತದೆ. ಆದರೆ ಮುಳ್ಳಿಗೆ ಹೆದರಿದ ಮಗುವಿಗೆ ಅದು ಸರಿಯಾದ ಮೀನಲ್ಲ. ಅದೇ ಅಂಗಡಿಯಲ್ಲಿ ತಿಲಾಪಿಯಾ ಸಿಗುತ್ತದೆ, ಕೆಲವರು ಜಿಲೇಬಿ ಮೀನು ಅನ್ನುತ್ತಾರೆ. ಅದರಲ್ಲಿ ಈ ಒಳಮುಳ್ಳುಗಳಿಲ್ಲ. ಬೆಲೆಯೂ ಕಮ್ಮಿ.

ಸಮುದ್ರ ಮೀನಿಗೆ ಬಂದರೆ ನನ್ನ ಮೊದಲ ಆಯ್ಕೆ ಕಾಣೆ, ಅಂಗಡಿಯಲ್ಲಿ ಲೇಡಿ ಫಿಶ್ ಅನ್ನುತ್ತಾರೆ. ನಡುವೆ ಒಂದು ಮುಳ್ಳು, ಎರಡೂ ಪಕ್ಕ ಬಿಳಿ ಮಾಂಸ, ಕೈಯಲ್ಲಿ ಎಳೆದರೆ ಮುಳ್ಳು ಇಡಿಯಾಗಿ ಬಿಟ್ಟು ಬರುತ್ತದೆ. ವಾಸನೆಯೂ ತೀರಾ ಕಮ್ಮಿ. ತೊಂದರೆ ಬೆಲೆಯದ್ದು. ಅದಕ್ಕೇ ಕಾಣೆಯನ್ನು ಇಡೀ ಮನೆಗೆ ತರುವುದಿಲ್ಲ. ಮಗನಿಗೆ ಮಾತ್ರ ಎರಡು ತಂದು ರವಾ ಫ್ರೈ ಮಾಡುತ್ತೇನೆ, ದೊಡ್ಡವರಿಗೆ ಬಂಗುಡೆ.

ಅಂಜಲ್ (ಸುರ್ಮೈ, ಕಿಂಗ್ ಫಿಶ್) ಅನ್ನು ಅಡ್ಡಕ್ಕೆ ಪೀಸ್ ಮಾಡಿಸಿದರೆ ನಡುವಿನ ಒಂದು ಮುಳ್ಳು ಬಿಟ್ಟರೆ ಹೆಚ್ಚು ಗೊಡವೆ ಇಲ್ಲ. ಮಾಂಸ ಗಟ್ಟಿ. ಸಾರಿನಲ್ಲೂ ಒಡೆಯುವುದಿಲ್ಲ, ತವಾದಲ್ಲೂ ಒಡೆಯುವುದಿಲ್ಲ. ಹೊಸದಾಗಿ ಮೀನು ಮಾಡುವವರಿಗೆ ಇಷ್ಟು ಕ್ಷಮಿಸುವ ಮೀನು ಇನ್ನೊಂದಿಲ್ಲ. ಆದರೆ ದಿನಾ ಅದನ್ನೇ ತರಬೇಡಿ. ಬೇರೆ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಜಾಸ್ತಿ ಸೇರುತ್ತದೆ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಬೂತಾಯಿ (ಸಾರ್ಡೀನ್), ಬಂಗುಡೆಯಂಥ ಸಣ್ಣ ಮೀನೇ ಹೆಚ್ಚು ಒಳ್ಳೆಯದು. ಒಮೆಗಾ-3 ಕೊಬ್ಬೂ ಇವುಗಳಲ್ಲೇ ಹೇರಳ.

ನಂಗ್ (ಚಪ್ಪಟೆಯ ಸೋಲ್ ಮೀನು) ಕೂಡ ಮಕ್ಕಳಿಗೆ ಸರಿಹೋಗುತ್ತದೆ. ಚರ್ಮ ಸುಲಿಸಿಕೊಂಡೇ ತನ್ನಿ. ಮಾಂಜಿ, ಅಂದರೆ ಪಾಂಫ್ರೆಟ್, ರುಚಿಯಲ್ಲಿ ಎಲ್ಲರಿಗೂ ಮೇಲೆ, ಬೆಲೆಯಲ್ಲೂ ಹಾಗೇ, ಹಬ್ಬಕ್ಕಿರಲಿ.

ಮುಳ್ಳಿನ ಲೆಕ್ಕದಲ್ಲಿ ಬಂಗುಡೆ ರೋಹುವಿಗೂ ಕಾಣೆಗೂ ನಡುವೆ ನಿಲ್ಲುತ್ತದೆ. ನಡುಮುಳ್ಳು ಸುಲಭ, ಪಕ್ಕದ ಮುಳ್ಳು ಸ್ವಲ್ಪ ನೋಡಿಕೊಳ್ಳಬೇಕು. ಹುರಿದ ಬಂಗುಡೆಯ ಬೆನ್ನಿನ ಭಾಗವನ್ನು ಉದ್ದಕ್ಕೆ ಬಿಡಿಸಿ, ಬೆರಳಲ್ಲಿ ಒತ್ತಿ ನೋಡಿ ಕೊಟ್ಟರೆ ಮುಗಿಯಿತು. ಹೊಟ್ಟೆಯ ಭಾಗ ದೊಡ್ಡವರಿಗೆ.

ಬೂತಾಯಿ? ಅದರ ತುಂಬಾ ಮುಳ್ಳು, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ಬೇಜಾರು. ಇಷ್ಟು ಅಗ್ಗದಲ್ಲಿ ಇಷ್ಟು ಒಳ್ಳೆಯ ಮೀನು ಬೇರೆ ಇಲ್ಲ. ಇದಕ್ಕೆ ಕುಕ್ಕರ್ ದಾರಿ ಇದೆ. ತೊಳೆದ ಬೂತಾಯಿಗೆ ಹುಣಸೆರಸ, ಮೆಣಸಿನ ಪುಡಿ, ಶುಂಠಿ, ಉಪ್ಪು, ತೆಂಗಿನೆಣ್ಣೆ, ಒಂದು ಲೋಟ ನೀರು ಹಾಕಿ. ಒಂದು ವಿಸಿಲ್ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, 25 ನಿಮಿಷ ಇಡಿ. ಮುಳ್ಳು ಮೆತ್ತಗಾಗಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಹಾಗೇ ತಿನ್ನಬಹುದು. ಕ್ಯಾಲ್ಸಿಯಂ ಕೂಡ ಹೊಟ್ಟೆಗೆ ಸೇರುತ್ತದೆ. ಮಕ್ಕಳಿಗೆ ಕೊಡುವ ಮುಂಚೆ ದೊಡ್ಡದೊಂದನ್ನು ಒತ್ತಿ ನೋಡಿ. ಗಟ್ಟಿ ಅನಿಸಿದರೆ ಇನ್ನೂ ಹತ್ತು ನಿಮಿಷ ಇಡಿ.

ಇನ್ನು ಅಂಗಡಿಯಲ್ಲಿ ಸಿಗುವ ಬಾಸಾ ಫಿಲೆ. ಮುಳ್ಳಿಲ್ಲ, ವಾಸನೆಯಿಲ್ಲ. ನಿಜ ಹೇಳಬೇಕೆಂದರೆ ರುಚಿಯೂ ಇಲ್ಲ. ಒಮೆಗಾ-3 ಕೂಡ ಬಂಗುಡೆಗೆ ಹೋಲಿಸಿದರೆ ತೀರಾ ಕಮ್ಮಿ. ಗಸಿಗೆ, ಅಂದರೆ ತೆಂಗಿನಕಾಯಿ ರುಬ್ಬಿ ಮಾಡುವ ಗಟ್ಟಿ ಸಾರಿಗೆ, ಹಾಕಿದರೆ ನೀರು ಬಿಟ್ಟು ಒಡೆದುಹೋಗುತ್ತದೆ. ಆದರೆ ಕಟ್ಲೆಟ್‌ಗೆ ಬಹಳ ಅನುಕೂಲ. ಬೇಯಿಸಿ, ಹಿಂಡಿ ನೀರು ತೆಗೆದು, ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಕಾಳುಮೆಣಸು ಸೇರಿಸಿ ತಟ್ಟಿ. ಮೀನಿನ ಹೆಸರೇ ಆಗದ ಮಕ್ಕಳಿಗೆ ಮೊದಲ ಮೆಟ್ಟಿಲಾಗಿ ಇದನ್ನು ಇಡಬಹುದು. ಮೀನು ಅಂತ ಹೇಳಿಯೇ ಕೊಡಿ. ಮುಚ್ಚಿಟ್ಟು ಕೊಟ್ಟು ಆಮೇಲೆ ಗೊತ್ತಾದರೆ ಮಕ್ಕಳು ಮುಂದಿನ ಹತ್ತು ಊಟವನ್ನೂ ನಂಬುವುದಿಲ್ಲ.

ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗುವುದು ನಮ್ಮ ಊರಲ್ಲೆಲ್ಲ ರೂಢಿ. ನಾನೂ ಚಿಕ್ಕವಳಿದ್ದಾಗ ನುಂಗಿದ್ದೇನೆ. ಆದರೆ ಅದರಿಂದ ಮುಳ್ಳು ಇನ್ನೂ ಒಳಗೆ ಚುಚ್ಚಬಹುದು. ನೋವು ಹೋಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ನನ್ನ ಮಗನಿಗೆ ಹಾಗೇ ಮಾಡಿದೆವು, ಅವರು ಎರಡೇ ನಿಮಿಷದಲ್ಲಿ ತೆಗೆದುಬಿಟ್ಟರು.

ವಾಸನೆ ಆಗದವರಿಗೆ

ತಾಜಾ ಮೀನಿಗೆ ಕಡಲಿನ ವಾಸನೆ ಇರುತ್ತದೆ ಅಷ್ಟೇ. ಮೂಗು ಮುಚ್ಚಿಕೊಳ್ಳುವ ವಾಸನೆ ಬಂದರೆ ಮೀನು ಹಳತಾಗಿದೆ ಅಂತ ಅರ್ಥ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಬೆಂಗಳೂರಿನಲ್ಲಿ ನಾನು ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಕರಾವಳಿಯಿಂದ ರಾತ್ರಿ ಹೊರಟ ಮೀನು ಆಗ ಬಂದಿರುತ್ತದೆ. ಬಂಗುಡೆ, ಬೂತಾಯಿಗಳಲ್ಲಿ ಇನ್ನೂ ಒಂದು ಎಚ್ಚರ. ಐಸ್ ಇಲ್ಲದೆ ಬಿಸಿಲಲ್ಲಿ ಇದ್ದರೆ ಇವುಗಳಲ್ಲಿ ಹಿಸ್ಟಮಿನ್ ಅನ್ನುವುದು ಬೆಳೆಯುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದರೆ ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು ಬರುತ್ತವೆ. ಎಷ್ಟೋ ಜನ 'ನನಗೆ ಬಂಗುಡೆ ಆಗಲ್ಲ' ಅನ್ನುವುದು ಹೀಗೊಮ್ಮೆ ಹಳೆ ಮೀನು ತಿಂದಿದ್ದರಿಂದಲೂ ಇರಬಹುದು.

ಮನೆಗೆ ತಂದ ಮೇಲೆ ಕಲ್ಲುಪ್ಪು, ಹುಣಸೆಹುಳಿ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಅಮ್ಮ ಮಾಡುತ್ತಿದ್ದದ್ದು ಇದೇ. ಕಾರಣವೂ ಇದೆ. ಸಮುದ್ರ ಮೀನಿನ ವಾಸನೆ ಕ್ಷಾರದ ಗುಣದ್ದು, ಹುಳಿ ತಾಗಿದರೆ ಅದು ಗಾಳಿಗೆ ಏಳುವುದಿಲ್ಲ. ಕೆರೆ ಮೀನಿನ ಮಣ್ಣಿನ ವಾಸನೆಯೂ ಹುಳಿಗೆ ಬಗ್ಗುತ್ತದೆ. ರೋಹು ತಂದರೆ ಅರ್ಧ ಗಂಟೆ ಹುಳಿ ಮಜ್ಜಿಗೆಯಲ್ಲಿ ಇಟ್ಟು ನೋಡಿ.

ವಿಧಾನಗಳನ್ನು ಹೋಲಿಸಿದರೆ, ವಾಸನೆಗೆ ಸೂಕ್ಷ್ಮ ಇರುವವರಿಗೆ ಪುಳಿಮುಂಚಿಯೇ ಒಳ್ಳೆಯದು. ಹೆಸರಲ್ಲೇ ಇದೆ ಅಲ್ವಾ, ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ತೆಂಗಿನಕಾಯಿ ಹಾಕದೆ, ಹುಳಿ ಮುಂದಿಟ್ಟು ಮಾಡುವ ಗಟ್ಟಿ ಸಾರು. ಬಂಗುಡೆಗೆ ಹೇಳಿಮಾಡಿಸಿದ್ದು. ಕೊಂಕಣಿ ಮನೆಗಳಲ್ಲಿ ಬಂಗುಡೆಗೆ ತೆಪ್ಪಲ ಅನ್ನುವ ಕಾಳುಮೆಣಸಿನಂಥ ಕಾಡು ಮಸಾಲೆ ಕಾಯಿ ಹಾಕುತ್ತಾರೆ. ಅದರ ಘಮ ಮೀನಿನ ವಾಸನೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬಾಯಲ್ಲಿ ಜುಮ್ ಅನ್ನುವುದರಿಂದ ಮಕ್ಕಳ ತಟ್ಟೆಗೆ ಬಡಿಸುವಾಗ ಅದನ್ನು ಆರಿಸಿ ತೆಗೆಯಿರಿ.

ಹುರಿಯುವಾಗ ಮನೆ ತುಂಬಾ ವಾಸನೆ ಏಳುವುದು ನಿಜ. ನನ್ನ ಮಗಳಿಗೆ ತಟ್ಟೆಯಲ್ಲಿರುವ ಮೀನಿಗಿಂತ ಸೋಫಾ, ಯೂನಿಫಾರ್ಮಿಗೆ ಅಂಟುವ ವಾಸನೆಯೇ ತೊಂದರೆ. ಅದಕ್ಕೆ ಬಾಳೆಲೆಯಲ್ಲಿ ಮೀನು ಸುತ್ತಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡತೊಡಗಿದೆ. ಹದಿನೈದು ನಿಮಿಷ. ಎಣ್ಣೆಯ ಹೊಗೆ ಇಲ್ಲ. ಮೀನಿಗೆ ಬಾಳೆಲೆಯ ಕಂಪು ಬರುತ್ತದೆ. ಅವಳು ಈಗ ಕಾಣೆಯನ್ನು ಹೀಗೆ ಮಾಡಿದರೆ ಒಂದು ತುಂಡು ತಿನ್ನುತ್ತಾಳೆ. ನನಗೆ ಅದೇ ದೊಡ್ಡ ಸಂತೋಷ. ಹೊಸ ರುಚಿ ಮಕ್ಕಳಿಗೆ ಒಗ್ಗಲು ಎಂಟು, ಹತ್ತು ಸಲ ತಟ್ಟೆಯಲ್ಲಿ ಕಾಣಬೇಕಾಗುತ್ತದೆ. ಒತ್ತಾಯ ಮಾಡದೆ, ಒಂದು ಚೂರು ಇಟ್ಟು ಸುಮ್ನೆ ಇರಬೇಕು. ಕಷ್ಟದ ಕೆಲಸ, ಆದರೆ ಫಲ ಕೊಡುತ್ತದೆ.

ಮೆತ್ತಗಿನ ತರಕಾರಿ ಸೇರದವರಿಗೆ

ಇದು ಯಜಮಾನರ ಕಥೆ. ಸೋರೆಕಾಯಿ, ಬದನೆ, ಬೆಂಡೆ, ಬಸಳೆ ಯಾವುದೂ ಬೇಡ. ಅವರು ತರಕಾರಿಯೇ ತಿನ್ನುವುದಿಲ್ಲ ಅಂತ ಅತ್ತೆ ಹೇಳುತ್ತಿದ್ದರು. ನಾನು ನೋಡಿದರೆ ಹಾಗಲಕಾಯಿ ಚಿಪ್ಸ್ ಅರ್ಧ ಡಬ್ಬ ಖಾಲಿ ಮಾಡುತ್ತಾರೆ! ಹಾಗಿದ್ದರೆ ತೊಂದರೆ ತರಕಾರಿಯದ್ದಲ್ಲ, ನೀರಿನದ್ದು.

ಬೆಂಡೆಯನ್ನು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಹೆಚ್ಚಿ. ಅಗಲ ಬಾಣಲೆಯಲ್ಲಿ ಜೋರು ಉರಿ, ಮುಚ್ಚಳ ಬೇಡ, ಉಪ್ಪು ಕೊನೆಗೆ. ಲೋಳೆ ಇರುವುದಿಲ್ಲ. ಅದೇ ಬೆಂಡೆಯನ್ನು ಸಾಂಬಾರಿಗೆ ಹಾಕಿದರೆ ಅವರು ಆರಿಸಿ ಪಕ್ಕಕ್ಕಿಡುತ್ತಾರೆ.

ಮೀನಿನ ರವಾ ಫ್ರೈಗೆ ಸಮನಾಗಿ ನಿಲ್ಲುವ ತರಕಾರಿಗಳು ನಾಲ್ಕು: ಬಾಳೆಕಾಯಿ, ಸುವರ್ಣಗಡ್ಡೆ, ಜೀಗುಜ್ಜೆ (ಬ್ರೆಡ್ ಫ್ರೂಟ್), ಬದನೆ. ಮಸಾಲೆ ಒಂದೇ. ಬ್ಯಾಡಗಿ ಪುಡಿ, ಅರಿಸಿನ, ಹುಣಸೆರಸ, ಉಪ್ಪು, ಬೇಕಿದ್ದರೆ ಶುಂಠಿ ಬೆಳ್ಳುಳ್ಳಿ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಚಿರೋಟಿ ರವೆಯಲ್ಲಿ ಹೊರಳಿಸಿ. ಇವುಗಳಲ್ಲಿ ನನ್ನ ಮೆಚ್ಚು ಜೀಗುಜ್ಜೆ. ಹೊರಗೆ ಗರಿ, ಒಳಗೆ ಹದ. ಬೆಂಗಳೂರಿನಲ್ಲಿ ಯಾವಾಗಲೂ ಸಿಗುವುದಿಲ್ಲ, ಕಂಡರೆ ಬಿಡಬೇಡಿ. ಸುವರ್ಣಗಡ್ಡೆ ಗಂಟಲು ಕೆರೆಯಬಾರದು ಅಂದರೆ ಹುಳಿ ಧಾರಾಳ ಇರಲಿ, ಚೆನ್ನಾಗಿ ಬೇಯಲಿ. ಬಾಳೆಕಾಯಿ ವರ್ಷವಿಡೀ ಸಿಗುತ್ತದೆ, ಬೇಗ ಬೇಯುತ್ತದೆ. ವಾರದ ನಡುವೆ ಅದೇ ಸೈ. ಬದನೆ ಒಳಗೆ ಮೆತ್ತಗೇ ಆಗುತ್ತದೆ, ತೆಳ್ಳಗೆ ಹೆಚ್ಚಿದರೆ ಮಾತ್ರ ನಡೆಯುತ್ತದೆ.

ಒಂದೇ ಮಸಾಲೆ, ಎರಡು ಪಾತ್ರೆ

ಎರಡು ಅಡುಗೆಯ ಕಷ್ಟ ತಪ್ಪಿದ್ದು ಇದರಿಂದ. ಗಸಿಯ ಮಸಾಲೆಗೆ ಮೀನು, ತರಕಾರಿ ಅನ್ನುವ ಭೇದ ಇಲ್ಲ. ಅರ್ಧ ಕಿಲೋ ಮೀನು ಮತ್ತು ಒಂದು ಲೋಟ ಕಾಳಿಗೆ ಸೇರಿ ನನ್ನ ಅಳತೆ ಹೀಗಿದೆ. ಒಂದೂವರೆ ಲೋಟ ತೆಂಗಿನತುರಿ, 12 ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಿಕ್ಕ ಚಮಚ ಜೀರಿಗೆ, ಕಾಲು ಚಿಕ್ಕ ಚಮಚ ಮೆಂತ್ಯ, ಎಂಟು ಕಾಳುಮೆಣಸು, ಚಿಟಿಕೆ ಅರಿಸಿನ, ಸಣ್ಣ ನಿಂಬೆ ಗಾತ್ರದ ಹುಣಸೆ, ಅರ್ಧ ಈರುಳ್ಳಿ. ಒಣ ಸಾಮಾನು ಹುರಿದು ನುಣ್ಣಗೆ ರುಬ್ಬಿ. ಮೆಂತ್ಯ ಕಪ್ಪಾದರೆ ಕಹಿ, ಕಣ್ಣಿಡಿ.

ರುಬ್ಬಿದ್ದನ್ನು ಮೊದಲೇ ಎರಡು ಪಾಲು ಮಾಡಿ. ಒಂದು ಪಾತ್ರೆಯಲ್ಲಿ ಬೆಂದ ಕಡಲೆ ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಇನ್ನೊಂದರಲ್ಲಿ ಮಸಾಲೆ ಕುದಿ ಬಂದ ಮೇಲೆ ಮೀನು ಇಳಿಸಿ. ಏಳೆಂಟು ನಿಮಿಷ ಸಾಕು. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಆಡಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಮೀನು ತಿನ್ನದವರಿದ್ದರೆ ಅವರ ಪಾತ್ರೆ, ಸೌಟು, ಚಾಕು, ತವಾ ಬೇರೆಯೇ ಇರಲಿ. ಅವರ ಅಡುಗೆ ಮೊದಲು ಮುಗಿಯಲಿ, ಆಮೇಲೆ ಮೀನಿನ ಚೀಲ ಬಿಚ್ಚಿ. ಮೀನು ಹುರಿದ ಎಣ್ಣೆಯಲ್ಲಿ ಬಾಳೆಕಾಯಿ ಹುರಿದು 'ಗೊತ್ತಾಗುವುದಿಲ್ಲ ಬಿಡಿ' ಅನ್ನಬಾರದು. ನಾನು ಈ ಕ್ರಮ ಇಟ್ಟುಕೊಂಡ ಮೇಲೆ ಅತ್ತೆ ಮೀನು ಮಾಡಿದ ದಿನವೂ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಾರೆ. ಮೊದಲು ಅವರು ಬೇಗ ಉಂಡು ಕೋಣೆಗೆ ಹೋಗಿಬಿಡುತ್ತಿದ್ದರು.

ಈ ಗಸಿಗೆ ಯಾವ ತರಕಾರಿ ಒಳ್ಳೆಯದು? ಕಪ್ಪು ಕಡಲೆಗೆ ನನ್ನ ಮೊದಲ ಓಟು. ಗಟ್ಟಿ ಇರುತ್ತದೆ, ನೀರ್ ದೋಸೆಗೆ ಅದರಷ್ಟು ಹೊಂದುವುದು ಬೇರೆ ಇಲ್ಲ. ರಾತ್ರಿ ನೆನೆಹಾಕಲು ಮರೆತರೆ ಅಲಸಂದೆ, ಅದು ನೆನೆಸದಿದ್ದರೂ ಕುಕ್ಕರಿನಲ್ಲಿ ಬೇಯುತ್ತದೆ. ಅದೂ ಇಲ್ಲವಾದರೆ ಅಣಬೆ, ಐದೇ ನಿಮಿಷದ ಕೆಲಸ. ಬೇಸಿಗೆಯಲ್ಲಿ ಎಳೆ ಹಲಸು ಅಂದರೆ ಗುಜ್ಜೆ ಸಿಕ್ಕರೆ ಮೀನು ತಿನ್ನುವವರೂ ಇತ್ತ ಕಡೆ ಸೌಟು ಹಾಕುತ್ತಾರೆ. ಪನೀರ್ ಮಾತ್ರ ನನಗೆ ಇದರಲ್ಲಿ ಹಿಡಿಸಲಿಲ್ಲ. ಮಸಾಲೆ ಅದರ ಒಳಗೆ ಇಳಿಯುವುದೇ ಇಲ್ಲ.

ಪ್ರೋಟೀನ್ ಲೆಕ್ಕ ಕೇಳುವವರಿಗೆ: 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ, ಪನೀರಿನಲ್ಲಿ ಸುಮಾರು 18, ಬೆಂದ ಕಡಲೆಯಲ್ಲಿ ಸುಮಾರು 9. ಕಡಲೆಯ ಜೊತೆ ಅನ್ನವೋ ದೋಸೆಯೋ ಇರುತ್ತದಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಿ12 ಮಾತ್ರ ಕಾಳು, ತರಕಾರಿಯಲ್ಲಿ ಸಿಗುವುದಿಲ್ಲ. ಅತ್ತೆಯ ತಟ್ಟೆಯ ಪಕ್ಕ ಒಂದು ಬಟ್ಟಲು ಮೊಸರು ತಪ್ಪದೆ ಇಡುವುದು ಅದಕ್ಕೇ.

ಅಮೆರಿಕದಲ್ಲಿರುವ ನನ್ನ ಅಕ್ಕ ಇದೇ ರವಾ ಫ್ರೈಯನ್ನು ಸಾಲ್ಮನ್‌ಗೆ ಮಾಡುತ್ತಾಳೆ. ಸಾಲ್ಮನ್ ಫಿಲೆಯ ನಡುವೆ ಸಾಲಾಗಿ ಸಣ್ಣ ಮುಳ್ಳು ಉಳಿದಿರಬಹುದು. ಬೆರಳಾಡಿಸಿ ನೋಡಿ, ಚಿಮಟದಲ್ಲಿ ಕೀಳಬೇಕು. ಗಸಿಗೆ ಅವಳು ಕಾಡ್ ಅನ್ನುವ ಬಿಳಿ ಮೀನು ತರುತ್ತಾಳೆ, ಕಡಲೆಯ ಬದಲು ಡಬ್ಬಿಯ ಕಾಬೂಲಿ ಕಡಲೆ.

ಜೂನ್, ಜುಲೈಯಲ್ಲಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು. ಆಗ ಬೆಂಗಳೂರಿಗೆ ಬರುವ ಸಮುದ್ರ ಮೀನು ದುಬಾರಿ, ಹೆಚ್ಚಿನದು ಐಸಿನಲ್ಲಿ ಬಹಳ ದಿನ ಇದ್ದದ್ದು. ತಕರಾರಿನ ಮಕ್ಕಳಿಗೆ ಆ ಮೀನು ತಿನ್ನಿಸಿ ಇದ್ದ ಆಸೆಯನ್ನೂ ಕೆಡಿಸಬೇಡಿ. ನಾನು ಆ ಎರಡು ತಿಂಗಳು ತಿಲಾಪಿಯಾ ತರುತ್ತೇನೆ, ಉಳಿದ ದಿನ ಕಡಲೆ, ಅಲಸಂದೆ, ಬಾಳೆಕಾಯಿ. ನನ್ನೊಬ್ಬಳಿಗೆ ಅಂತ ಒಣ ಸಿಗಡಿ ಚಟ್ನಿ ಮಾಡಿಕೊಳ್ಳುತ್ತೇನೆ, ಮಗಳು ಸ್ಕೂಲಿಗೆ ಹೋದ ಮೇಲೆ, ಕಿಟಕಿ ಎಲ್ಲಾ ತೆರೆದು. ರುಬ್ಬಿದ ಗಸಿ ಮಸಾಲೆಯನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರಿನಲ್ಲಿ ಇಟ್ಟರೆ ಎರಡು ಮೂರು ವಾರ ಚೆನ್ನಾಗಿರುತ್ತದೆ. ಒಬ್ಬರಿಗೆ ಎರಡು ಗಡ್ಡೆ ಲೆಕ್ಕ.

ಆಗಸ್ಟ್ ಬಂದು ದೋಣಿ ಕಡಲಿಗಿಳಿದ ಮೇಲೆ ಹೊಸ ಬಂಗುಡೆ ಬರುವವರೆಗೂ ನಾನು ಕಾಯುತ್ತೇನೆ. ಹೋದ ವರ್ಷ ಮಗನೂ ನನ್ನ ಜೊತೆ ಮಾರ್ಕೆಟ್ಟಿಗೆ ಬಂದಿದ್ದ. ಕಿವಿರು ಎತ್ತಿ ಕೆಂಪಿದೆಯಾ ಅಂತ ಅವನೇ ನೋಡಿದ. ಆ ದಿನ ಹುರಿದ ಬಂಗುಡೆಯ ಬೆನ್ನಿನ ತುಂಡನ್ನು ನನ್ನ ಕೈಗೆ ಕೊಟ್ಟು, "ಅಮ್ಮಾ, ಒಂದ್ಸಲ ಮುಳ್ಳು ನೋಡು" ಅಂದ. ನೋಡಿ ಕೊಟ್ಟೆ. ತಿಂದ.